ಜಿನ್ನಿನ ಮಂದಿಗೆ ವಾರಕ್ಕೊಂದು ರಜಾ

ಹತ್ತು ಮಂದಿನ್ನ ಹೆಂಗ ಆಳಬೇಕು ಅಂತ ಹೇಳಾವ್ರು ಎಲ್ಲಾ ಊರಾಗೂ ಹುಟ್ಟಿಕೋತನ ಇರ್ತಾರ, ಆಳಿಸಿಕೊಳ್ಳಾವ್ರ ಫಜೀತಿನೂ ಹಂಗ ನಡದಿರ್ತೈತಿ. ನಿಜಾಮನ ಕಾಲದಾಗ ನಾ ಕೊಪ್ಪಳದ ಒಂದು ಹತ್ತಿ ಜಿನ್ನಿನ್ಯಾಗ, ಅಂದ್ರ ಹತ್ತಿಯಿಂದ ಕಾಳು ಬ್ಯಾರೆ ಮಾಡೂ ಕಾರಖಾನ್ಯಾಗ, ಮುಕಾದಮ ಇದ್ದೆ. ಮುಕಾದಮ ಅಂದ್ರ ಕೆಲಸದ ಮಂದಿನ್ನ ನೋಡಿಕೊಳ್ಳಾಂವ. ಮಾಲಕರ ಕಣ್ಣಿಗೆ ನಾ ಮಂದಿ ಕಡೆಯಾಂವ, ಮಂದಿ ಕಣ್ಣಿಗೆ ಮಾಲಕರ ಬಾಲ. ಎರಡೂ ಕಡಿಂದ ಬೈಗಳಾ ತಿನ್ನೂದ ನನ್ನ ಖರೆ ನೌಕರಿ.

ಹತ್ತಿ ಹಂಗಾಮು ಸುರು ಆತಂದ್ರ ಮುಗಿಯೂತನಕಾ ನಮಗ ಒಂದು ದಿನಾನೂ ಬಿಡುವಿಲ್ಲ. ಹೆಣ್ಮಕ್ಕಳು ಮುಂಜಾನಿಂದ ಸಂಜೀತನಕಾ ಮಷಿನ್ನಿಗೆ ಹತ್ತಿ ಹಾಕಬೇಕು, ಹಮಾಲರು ಹತ್ತಿ ತುಂಬಿದ ದೊಡ್ಡ ಚೀಲ, ಅಂಡಗಿ, ಹೊರಬೇಕು. ಮನ್ಯಾಗ ಕೂಸಿಗೆ ಜ್ವರಾ ಬಂದ್ರೂ ಬರಬೇಕು. ವಾರಕ್ಕ ಒಂದು ದಿನ ರಜಾ ಕೊಡ್ರಿ, ಅಷ್ಟ ಎಲ್ಲಾರೂ ಕೇಳತಿದ್ದದ್ದು. ಆ ಒಂದು ದಿನಕ್ಕಾಗಿ ಏನೇನು ಆತು, ಹೇಳ್ತೀನಿ ಕೇಳ್ರಿ. ನಗು ಬಂದ್ರ ನಗ್ರಿ, ನನಗಂತೂ ಇನ್ನೂ ಹೊಟ್ಟಿ ಉರೀತೈತಿ.

೧. ಮನಿ ಮಂದಿ

ಜಿನ್ನಿನ ಮಾಲಕರು ಸಾವ್ಕಾರರು ತಮ್ಮ ಅಳಿಯನ್ನ ಮ್ಯಾನೇಜರ್ ಮಾಡಿ ಕರಕೊಂಡ ಬಂದ್ರು. ಹೈದರಾಬಾದಿನ್ಯಾಗ ಓದಿದಾಂವ, ಮೀಸಿ ಆಗಷ್ಟ ಕಪ್ಪಾಗಿತ್ತು. ಬಂದ ದಿನಾನ ಒಂದು ಹತ್ತಿ ಅಂಡಗಿ ಮ್ಯಾಲೆ ಹತ್ತಿ ನಿಂತು ಭಾಷಣಾ ಸುರು ಮಾಡಿದ.

"ಇಲ್ಲಿ ಮಾಲಕರು, ಆಳು ಅಂತ ಭೇದ ಇಲ್ಲ. ನಾವೆಲ್ಲಾ ಒಂದ ಮನಿ ಮಂದಿ. ನಾ ನಿಮ್ಮ ತಂದಿ ಇದ್ಧಂಗ."

ಹೆಣ್ಮಕ್ಕಳೊಳಗ ಎಲ್ಲಾರಿಗಿಂತ ಹಿರಿಯಾಕಿ ಒಬ್ಬಾಕಿ ಇದ್ಲು. ಬಾಯಿ ಭಾಳ ಜೋರು, ನಾವೆಲ್ಲಾ ಆಯಿ ಅಂತಿದ್ವಿ. ಆಕಿ ಎದ್ದು ನಿಂತು, "ಯಪ್ಪಾ, ತಂದಿ ಆದಮ್ಯಾಲೆ ವಾರಕ್ಕ ಒಂದು ದಿನ ರಜಾ ಕೊಡಪಾ," ಅಂದ್ಲು.

"ಮನಿ ಮಂದಿ ಮನಿ ಕೆಲಸಕ್ಕ ರಜಾ ಕೇಳ್ತಾರೇನವ್ವಾ?"

"ಅದೂ ಖರೇನ. ಹಂಗಾರ ನಾಳೆ ಮಧ್ಯಾಹ್ನ ಎಲ್ಲಾರೂ ನಿಮ್ಮನಿಗೇ ಉಣ್ಣಾಕ ಬರ್ತೀವ್ರಿ. ಮನಿ ಮಂದಿ ಬುತ್ತಿ ಯಾಕ ಕಟಗೊಂಡ ಬರಬೇಕು?"

ಮರುದಿನ ನಮ್ಮ ತಂದಿ ಬಂಗಲೇದ ಗೇಟಿಗೆ ಕೀಲಿ ಬಿದ್ದಿತ್ತು. ಒಳಗ ಒಂದು ನಾಯಿನೂ ಕಟ್ಟಿದ್ರು.

೨. ಭೋಂಗಾ

ನಮ್ಮ ಬಾಯ್ಲರಿನ ಮ್ಯಾಲೆ ಒಂದು ಭೋಂಗಾ ಇತ್ತು. ಅದು ಕೂಗಿದ್ರ ಕೆಲಸಾ ಸುರು, ಮತ್ತ ಕೂಗಿದ್ರ ಕೆಲಸಾ ಬಂದ್. ಕೈಗಡಿಯಾರ ಯಾರ ಹತ್ರ ಇತ್ರಿ ಆವಾಗ? ಸಾಲಿ ಮಾಸ್ತರರಿಂದ ಗುಡಿ ಪೂಜಾರೀತನಕಾ ಅರ್ಧ ಊರು ಅದನ್ನ ಕೇಳಿಕೊಂಡ ಬದುಕತಿತ್ತು.

ಮ್ಯಾನೇಜರ್ ಶಾಣ್ಯಾ. ಮುಂಜಾನೇದು ಸ್ವಲ್ಪ ಲಗೂ ಕೂಗಿಸಿದ, ಸಂಜೀದು ಸ್ವಲ್ಪ ತಡಾ ಮಾಡಿ ಕೂಗಿಸಿದ. ರಜಾ ಕೇಳಿದವ್ರಿಗೆ ಇದ್ದ ಹೊತ್ತೂ ಹೋತು. "ಮಂದಿಗೆ ಗೊತ್ತಾಗಧಂಗ ಅವರಿಂದ ಹೆಚ್ಚಿಗಿ ಕೆಲಸಾ ತಗಿಯೂದು, ಇದಕ್ಕ ಅಕಲು ಬೇಕು ಮುಕಾದಮರ," ಅಂತ ನನ್ನ ಬೆನ್ನು ತಟ್ಟಿದ.

ಒಂದಿನ ಸಾವ್ಕಾರರು ಗದಗಿಗೆ ಹೊರಟಿದ್ರು. ಅವರದು ಮೊದಲಿಂದ ಒಂದ ಪದ್ಧತಿ: ಸಂಜಿ ಭೋಂಗಾ ಕೂಗಿದ ಮ್ಯಾಲೇ ಮನಿ ಬಿಟ್ಟು ಟೇಸನ್ನಿಗೆ ಹೋಗೂದು. ಅವತ್ತೂ ಹಂಗ ಹೋದ್ರು. ಟೇಸನ್ನಿನ್ಯಾಗ ಅವರಿಗೆ ಕಂಡಿದ್ದು ರೈಲಿನ ಕಡೀ ಡಬ್ಬಿ.

ಉರಕೋತ ಜಿನ್ನಿಗೆ ಬಂದು, "ಯಾಂವ ಅವನು ತಡಾ ಮಾಡಿ ಭೋಂಗಾ ಹಾಕಿದಾಂವ?" ಅಂದ್ರು.

ಮ್ಯಾನೇಜರ್ ಬಾಯ್ಲರಿನವನ್ನ ತೋರಿಸಿದ. ಅಂವ ಗಾಬರಿಯಾಗಿ, "ಹುಕುಂ ನಿಮ್ದ ಅಲ್ಲೇನ್ರೀ?" ಅಂತ ಮ್ಯಾನೇಜರನ್ನ ಕೇಳಿದ.

"ಹುಕುಂ ನಂದು. ಕೈ ಯಾರದು?"

ಕೈಯಿನಾಂವಗ ಅವತ್ತ ಕೆಲಸಾ ಹೋತು. ಹುಕುಮಿನಾಂವ ಮಾವನ ಜೋಡಿ ಟಾಂಗಾದಾಗ ಕುಂತು ಊಟಕ್ಕ ಹೋದ.

೩. ಅಂಜಬ್ಯಾಡ್ರಿ

ಆಮ್ಯಾಲೆ ಮ್ಯಾನೇಜರಗ ಇನ್ನೊಂದು ಹುಕಿ ಬಂತು. "ನಿಮ್ಮ ತಕರಾರು ಏನೈತಿ ಅಂಜದ ನನ್ನ ಮುಂದ ಹೇಳ್ರಿ. ಧೈರ್ಯದ ಮಂದಿ ಅಂದ್ರ ನನಗ ಭಾಳ ಸೇರತಾರ," ಅಂದ.

ಒಬ್ಬ ಹಮಾಲ ನಂಬಿದ. "ವಾರಕ್ಕ ಒಂದು ದಿನ ರಜಾ ಬೇಕ್ರಿ," ಅಂದ. "ಶಾಭಾಶ್!" ಅಂದ ಮ್ಯಾನೇಜರ್. ಮರುದಿನ ಆ ಹಮಾಲನ್ನ ಕುಷ್ಟಗಿಗೆ ಹತ್ತಿ ಹೇರಾಕ ಅಟ್ಟಿದ. ಹೆಂಡ್ತಿ ಮಕ್ಕಳು ಇಲ್ಲೆ, ಅಂವ ಅಲ್ಲೆ. ಇನ್ನೊಬ್ಬ ಹೇಳಿದ, ಅವನ್ನ ಯಲಬುರ್ಗಾಕ್ಕ ಅಟ್ಟಿದ.

ಮುಂದ ತಕರಾರು ಕೇಳಿದ್ರ ಎಲ್ಲಾರೂ ನೆಲಾ ನೋಡತಿದ್ರು. ಮ್ಯಾನೇಜರ್ ಮಾವಗ ಹೇಳಿದ, "ನೋಡ್ರಿ, ನಾ ಬಂದಮ್ಯಾಲೆ ತಕರಾರ ನಿಂತು ಹೋತು." ಖರೆ ಐತಿ. ನಮ್ಮ ಧೈರ್ಯದ ಮಂದಿ ಎಲ್ಲಾ ಕುಷ್ಟಗಿ, ಯಲಬುರ್ಗಾದಾಗ ಹತ್ತಿ ಹೇರಾಕತ್ತಿದ್ರು.

೪. ಸೋಮವಾರ

ಒಂದು ಸೋಮವಾರ ಹೊಸಾ ಮಷಿನ್ನು ರೈಲಿಗೆ ಬಂತು. ಟೇಸನ್ನಿಂದ ಬಂಡಿ ಮ್ಯಾಲೆ ತರಬೇಕು. ಆದ್ರ ನಮ್ಮ ಕಡೆ ಎತ್ತಂದ್ರ ಬಸವಣ್ಣ, ಸೋಮವಾರ ಅವನ ದಿನ, ಎತ್ತಿನ ಹೆಗಲಿಗೆ ನೊಗಾ ಹಚ್ಚೂದಿಲ್ಲ. ಸಾವ್ಕಾರರು ಭಾಳ ದೈವಭಕ್ತರು. "ಪ್ರಾಣಾ ಹೋದ್ರೂ ಎತ್ತು ಹೂಡೂದಿಲ್ಲ, ಪಾಪ ಹತ್ತೈತಿ," ಅಂದ್ರು.

ಅಳಿಯ, "ಎತ್ತು ಯಾಕ ಬೇಕ್ರಿ, ಮಂದಿ ಅದಾರಲ್ಲ," ಅಂದ.

ಹಮಾಲರ ಹೆಗಲಿಗೆ ನೊಗಾ ಬಂತು. ಹೆಣ್ಮಕ್ಕಳು ಹಿಂದಿಂದ ನೂಕಿದ್ರು. ನಾನೂ ನೂಕಿದೆ. ಬೆವರು ಕಣ್ಣಾಗ ಇಳೀತಿತ್ತು. ಜಿನ್ನಿಗೆ ಬಂದ್ರ ಎತ್ತುಗಳು ಬೇವಿನ ಗಿಡದ ಬುಡಕ ಮಲಕೊಂಡು ನಮ್ಮನ್ನ ನೋಡಿಕೋತ ಮೆಲಕು ಹಾಕತಿದ್ವು. ಇಂಥಾ ಸಿಟ್ಟು ನನಗ ಎಂದೂ ಬಂದಿರಲಿಲ್ಲ.

ಮುಂದಿನ ಸೋಮವಾರ ಭೋಂಗಾ ಕೂಗಿದ್ರ ಒಬ್ರೂ ಮಷಿನ್ನಿನ ಹತ್ರ ಇಲ್ಲ. ಎಲ್ಲಾರೂ ಹಣಿಗೆ ಇಬತ್ತಿ ಹಚಗೊಂಡು ಎತ್ತಿನ ಕೊಟಗಿಯೊಳಗ ಸಾಲಾಗಿ ಕುಂತಾರ! ಮುಂದ ಆಯಿ. ಸುದ್ದಿ ಕೇಳಿ ಸಾವ್ಕಾರರು ಓಡಿ ಬಂದ್ರು, ಆಯಿ ಅವರಿಗೆ ಅಂದ್ಲು,

"ಧಣ್ಯಾರ, ಹೋದ ವಾರ ನಮಗ ನೊಗಾ ಹಚ್ಚಿದವ್ರು ನೀವ. ನೊಗಾ ಹೊತ್ತಮ್ಯಾಲೆ ನಾವೂ ಬಸವಣ್ಣನ ಆದ್ವಿ. ಇವತ್ತ ಸೋಮವಾರ. ನಮ್ಮಿಂದ ಕೆಲಸಾ ಮಾಡಿಸಿದ್ರ ಪಾಪ ಯಾರಿಗ್ರಿ?"

ಊರ ಮಂದಿ ಗೇಟಿನ ಹತ್ರ ಕೂಡಿ ನಗಾಕ ಹತ್ತಿದ್ರು. ಸಾವ್ಕಾರರ ಮಾರಿ ಸಪ್ಪಗಾತು. ಕೈ ಮುಗುದು, "ಆತು. ಇನ್ನ ಮ್ಯಾಲೆ ಸೋಮವಾರ ನಿಮಗ ರಜಾ," ಅಂದ್ರು.

ಯಪ್ಪಾ, ಅವತ್ತಿನ ಖುಷಿ! ಆಯಿನ್ನ ಹೆಗಲ ಮ್ಯಾಲೆ ಹೊತ್ತು ಕುಣದ್ವಿ.

ಶನಿವಾರ ಬಟವಾಡಿ, ವಾರದ ಕೂಲಿ ಕೊಡೂ ದಿನ. ಸೋಮವಾರದ ಕೂಲಿ ಮುರಕೊಂಡಿದ್ರು. ನಾ ಕೇಳಾಕ ಹೋದ್ರ ಮ್ಯಾನೇಜರ್, "ಎತ್ತಿಗೆ ಯಾರಾದ್ರೂ ಪಗಾರ ಕೊಡ್ತಾರೇನ್ರಿ ಮುಕಾದಮರ?" ಅಂತ ನಕ್ಕ.

ದಿನಾ ದುಡದು ದಿನಾ ಉಣ್ಣಾವ್ರು ನಾವು. ಅದರ ಮುಂದಿನ ಸೋಮವಾರ ಮುಂಜಾನೆ ಎಲ್ಲಾರೂ ಗೇಟಿನ ಹೊರಗ ನಿಂತಿದ್ವಿ, ಕೆಲಸಾ ಕೊಡ್ರಿ ಅಂತ. ಸಾವ್ಕಾರರು ಗೇಟು ತಗೀಲಿಲ್ಲ. ಒಳಗಿಂದನ ಎರಡೂ ಕೈ ಎತ್ತಿ ನಮಸ್ಕಾರಾ ಮಾಡಿದ್ರು. "ಬ್ಯಾಡ್ರಪ್ಪಾ! ಬಸವಣ್ಣನಿಂದ ಸೋಮವಾರ ದುಡಿಸಿ ಆ ಪಾಪ ನಾ ಎಲ್ಲಿ ಕಳಕೊಳ್ಳಲಿ?"

ಆಯಿ ಗೇಟಿನ ಸರಳು ಹಿಡದು ಒದರಿದ್ಲು. "ಧಣ್ಯಾರ, ನಾವು ಬಸವಣ್ಣ ಅಲ್ರೀ, ಮನುಷ್ಯಾರ್ರೀ! ಒಳಗ ಬಿಡ್ರೀ, ಹೊಟ್ಟಿ ಹಸ್ದೈತಿ!"

"ಹೊಟ್ಟಿ ಎತ್ತಿಗೂ ಹಸೀತೈತವ್ವಾ," ಅಂದ್ರು ಸಾವ್ಕಾರರು, ಭಾಳ ಮರುಗಿ. ಆಮ್ಯಾಲೆ ಎತ್ತಿಗೆ ಹಾಕೂ ಹತ್ತಿಕಾಳು ಒಂದು ಬುಟ್ಟಿ ಹೊರಗ ಕಳಿಸಿಕೊಟ್ರು.