ಕೆರೆಬಿಳಚಿಯ ಟ್ರ್ಯಾಕ್ಟರೂ ಅದರ ಹಗ್ಗವೂ

ಹೊಸ ಟ್ರ್ಯಾಕ್ಟರ್ ಕೊಂಡವನಿಗೆ ಹೊಲ ಉಳುವುದೊಂದೇ ಕೆಲಸ. ಹಳೆಯದನ್ನು ಕೊಂಡವನಿಗೆ ಹಾಗಲ್ಲ, ದಿನ ಬೆಳಗಾದರೆ ಊರಿಗೆಲ್ಲ ನಗು ಹಂಚುವ ಹೊಣೆಯೂ ಅವನ ತಲೆಗೇ ಬೀಳುತ್ತದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಗೋವಿನಕೋವಿಯಲ್ಲಿ ಆ ಹೊಣೆ ಹೊತ್ತವನು ನಾನು. ಬೇಡ ಬೇಡವೆಂದರೂ ನಗೆಪಾಟಲಿನ ಪ್ರಸಂಗಗಳು ಒಂದರ ಹಿಂದೊಂದು ಆಗುತ್ತಲೇ ಹೋದವು.

೧. ಸುಳಿ ನೋಡಿ ಕೊಂಡದ್ದು

ನನ್ನ ಹೆಂಡತಿಯ ತವರು ಕೆರೆಬಿಳಚಿ. ಅಲ್ಲಿ ಒಬ್ಬ ಗೌಡರ ಹಿತ್ತಲಲ್ಲಿ ಅವರಪ್ಪನ ಕಾಲದ ಪುಟ್ಟ ವಿದೇಶಿ ಟ್ರ್ಯಾಕ್ಟರೊಂದು ನಿಂತಲ್ಲೇ ನಿಂತಿತ್ತು. ಅದನ್ನು ಕಂಡ ದಿನದಿಂದ ನನಗೆ ನಿದ್ದೆ ಹಾರಿಹೋಯಿತು. ಹೆಂಡತಿ ಎಷ್ಟು ಹೇಳಿದರೂ ಕೇಳದೆ ಜೋಡೆತ್ತು ಮಾರಿಬಿಟ್ಟೆ.

ನನಗೆ ಯಂತ್ರದ ಗಂಧಗಾಳಿ ಇರಲಿಲ್ಲ. ವ್ಯಾಪಾರ ಬಲ್ಲವರೊಬ್ಬರಿರಲಿ ಎಂದು ನಮ್ಮೂರಿನ ದಲ್ಲಾಳಿ ಅಜ್ಜನನ್ನು ಜೊತೆಗೆ ಕರೆದುಕೊಂಡು ಹೋದೆ. ಸಂತೆಯಲ್ಲಿ ದನದ ಹಲ್ಲು ಎಣಿಸಿ ಎಣಿಸಿ ತನ್ನವನ್ನೆಲ್ಲ ಕಳೆದುಕೊಂಡಿದ್ದ ಮುದುಕ. ಟ್ರ್ಯಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ, ಬೆನ್ನು ಸವರಿದ, ಬಗ್ಗಿ ಹೊಟ್ಟೆಯ ಕೆಳಗೂ ನೋಡಿದ.

"ಕೆಟ್ಟ ಸುಳಿ ಯಾವೂ ಇಲ್ಲ. ಹಾಯೋ ಚಾಳಿ ಏನಾರ ಐತಾ?" ಎಂದು ಗೌಡರನ್ನು ಕೇಳಿದ.

"ಏ, ಇಲ್ಲಪ್ಪ. ಭಾಳ ಸಾಧು."

"ಹಂಗಾರೆ ನಾಕು ಹೆಜ್ಜೆ ನಡೆಸಿ ತೋರಿಸ್ರಿ."

ಗೌಡರು ಗಡ್ಡ ಕೆರೆದುಕೊಂಡರು. "ಈಗ ನಡೆಸಾಕೆ ಆಗಲ್ಲ. ಸೀಟಿನ ಮ್ಯಾಲೆ ಕೋಳಿ ಕಾವಿಗೆ ಕೂತೈತೆ."

ನಿಜವಾಗಿಯೂ ಕೂತಿತ್ತು. ದನದ ಸಂತೆಯ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರವೇನೋ ಮುಗಿಯಿತು, ಆದರೆ ಮರಿ ಹೊರಗೆ ಬರುವವರೆಗೆ ಟ್ರ್ಯಾಕ್ಟರ್ ಅಲ್ಲಾಡಿಸುವ ಹಾಗಿಲ್ಲ ಎಂದು ಗೌಡರ ಹೆಂಡತಿ ಕಟ್ಟಪ್ಪಣೆ ಮಾಡಿದರು. ಮತ್ತೆ ಹೋದಾಗ ಗೌಡರು ಟ್ರ್ಯಾಕ್ಟರಿನ ಮೂತಿಯಿಂದ ಒಂದು ಕಬ್ಬಿಣದ ಸಲಾಕೆ ಎಳೆದು, ಕಣ್ಣಿಗೊತ್ತಿಕೊಂಡು, ಒಳಗೆ ದೇವರ ಗೂಡಿನಲ್ಲಿಟ್ಟು ಬಂದರು. ಅಜ್ಜ ಸರಿ ಎನ್ನುವಂತೆ ತಲೆಯಾಡಿಸಿದ. ಏನೋ ಶಾಸ್ತ್ರವಿರಬೇಕು ಎಂದುಕೊಂಡು ನಾನೂ ಕೈ ಮುಗಿದೆ.

೨. ಸೇತುವೆಯ ಮೇಲೆ

ಟ್ರ್ಯಾಕ್ಟರ್ ನಡೆಯುವಂತಿರಲಿಲ್ಲ. ನನ್ನ ಹೆಂಡತಿಯ ಅಣ್ಣ ಮೀಸೆಯಲ್ಲೇ ನಗುತ್ತ ತನ್ನ ಎತ್ತು ಕೊಟ್ಟ. ಮುಂದೆ ಎತ್ತು, ಹಿಂದೆ ಟ್ರ್ಯಾಕ್ಟರ್, ಸೀಟಿನ ಮೇಲೆ ಸ್ಟೇರಿಂಗ್ ಹಿಡಿದು ಮದುಮಗನ ಹಾಗೆ ನಾನು. ಚನ್ನಗಿರಿ ದಾಟುವಷ್ಟರಲ್ಲೇ ಕೇಳಬಾರದ ಮಾತೆಲ್ಲ ಕೇಳಿಯಾಗಿತ್ತು.

ಹೊನ್ನಾಳಿಯ ಸೇತುವೆಯ ಹತ್ತಿರ ಪೊಲೀಸಪ್ಪನೊಬ್ಬ ಕೈ ಅಡ್ಡ ಹಿಡಿದ.

"ಲೈಸೆನ್ಸ್ ಎಲ್ಲಿ?"

ನಾನು ಜೇಬು ತಡಕಿದೆ. ಪಕ್ಕದಲ್ಲಿ ನಡೆದು ಬರುತ್ತಿದ್ದ ಅಜ್ಜ ಮುಂದೆ ಬಂದ. "ಇವನು ಡ್ರೈವರ್ ಅಲ್ಲ ಸ್ವಾಮಿ, ಸುಮ್ನೆ ಕೂತಾನೆ. ಗಾಡಿ ಹೊಡೀತಿರೋನು ನಾನು."

"ಹಂಗಾರೆ ನಿನ್ನ ಲೈಸೆನ್ಸ್ ತೆಗಿ."

ಅಜ್ಜ ಕೈಯಲ್ಲಿದ್ದ ಬಾರುಕೋಲನ್ನೇ ಎತ್ತಿ ತೋರಿಸಿದ. ಪೊಲೀಸಪ್ಪ ನಗು ತಡೆಯಲಾರದೆ ದಾರಿ ಬಿಟ್ಟ.

ಮನೆಯ ಮುಂದೆ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನನಗೆ ಎದೆ ತುಂಬಿ ಬಂತು. ಅವಳು ನನ್ನನ್ನೂ ಟ್ರ್ಯಾಕ್ಟರನ್ನೂ ದಾಟಿ ಹೋಗಿ ಎತ್ತುಗಳಿಗೆ ಆರತಿ ಎತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮುಂಗಾರು ಬೀಳೋದ್ರೊಳಗೆ ಇದು ತಾನೇ ನಡೀಬೇಕು. ಇಲ್ದಿದ್ರೆ ನಮ್ಮಣ್ಣನೇ ಬಂದು ಹೊಲ ಹೊಡೀತಾನೆ. ನೀವು ಕೋಳಿ ಹಂಗೆ ಆ ಸೀಟಿನ ಮ್ಯಾಲೆ ಕಾವಿಗೆ ಕೂತ್ಕಳ್ರಿ."

೩. ಹಪ್ಪಳ

ರಿಪೇರಿಗೆ ನ್ಯಾಮತಿಯಿಂದ ಮೇಸ್ತ್ರಿ ಬಂದ. ಪಂಪ್‌ಸೆಟ್ಟು, ಬಸ್ಸು, ಹಿಟ್ಟಿನ ಗಿರಣಿ ಎಲ್ಲಕ್ಕೂ ಒಬ್ಬನೇ ವೈದ್ಯ. ಎರಡು ದಿನದಲ್ಲಿ ಟ್ರ್ಯಾಕ್ಟರ್ ಮಾಯವಾಗಿ ಅಂಗಳದ ತುಂಬ ಕಬ್ಬಿಣ ಹರಡಿತು. ಹೋಳಿಗೆಯ ಪರಾತದಲ್ಲಿ ಸೀಮೆಎಣ್ಣೆ, ಮೊಸರಿನ ಗಡಿಗೆಯಲ್ಲಿ ನಟ್ಟುಬೋಲ್ಟು. ಹೆಂಡತಿ ಬಾಯಿ ತೆಗೆದರೆ ನಾನು ಎಮ್ಮೆ ಮೇಯಿಸುವ ನೆವದಲ್ಲಿ ಹೊಲಕ್ಕೆ ಓಡುತ್ತಿದ್ದೆ.

ಎಣ್ಣೆ ಸೋರದಂತೆ ಸಂದಿನಲ್ಲಿ ಕೂರಿಸಲು ಹಳೆಯ ಎಂಜಿನ್ನಿಗೆ ಹೊಂದುವ ಪ್ಯಾಕಿಂಗ್ ಎಲ್ಲೂ ಸಿಗದೆ ಮೇಸ್ತ್ರಿ ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿ, ಎಂಥದೋ ಅಂಟು ಸವರಿ, ಒಣಗಲಿ ಎಂದು ಮಾಳಿಗೆಯ ಮೇಲೆ ಹರಡಿದ್ದ. ಹೆಂಡತಿ ಅದೇ ಮಾಳಿಗೆಯ ಮೇಲೆ ಹಪ್ಪಳ ಹಾಕಿದ್ದಳು. ಹಪ್ಪಳ ಕಾಯಲು ಕೂತಿದ್ದವನು ದಲ್ಲಾಳಿ ಅಜ್ಜ.

ಸಂಜೆ ಲೆಕ್ಕ ನೋಡಿದರೆ ಒಂದು ಪ್ಯಾಕಿಂಗ್ ಕಡಿಮೆ. ಮೇಸ್ತ್ರಿ ಹಿತ್ತಲೆಲ್ಲ ಹುಡುಕಿದ. ಅಜ್ಜ ಮಾತ್ರ ಬಾಯಲ್ಲಿ ಏನನ್ನೋ ಆ ದವಡೆಯಿಂದ ಈ ದವಡೆಗೆ ಹೊರಳಿಸುತ್ತ ಕೂತಿದ್ದ. ಕೊನೆಗೆ ಹೆಂಡತಿಯನ್ನು ಕರೆದು ಮೆಲ್ಲಗೆ ಹೇಳಿದ:

"ತಪ್ಪು ತಿಳಕಬ್ಯಾಡವ್ವ, ಈ ಸಲದ ಹಪ್ಪಳಕ್ಕೆ ಇನ್ನೊಂದು ಬಿಸಿಲು ಬೇಕು."

೪. ಹಗ್ಗ

ಅಂತೂ ಎಲ್ಲ ಜೋಡಿಸಿ, ಬಸ್ಸಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನೂ ಹಚ್ಚಿಯಾಯಿತು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು. ಊರೆಲ್ಲ ನೆರೆದಿತ್ತು. ಮೇಸ್ತ್ರಿ ಕೈ ಚಾಚಿ, "ಹ್ಯಾಂಡಲ್ ಕೊಡ್ರಿ" ಎಂದ.

"ಯಾವ ಹ್ಯಾಂಡಲ್?"

"ಮೂತಿಗೆ ಸಿಗಿಸಿ ತಿರುವೋದು ಕಣ್ರೀ! ಅದಿಲ್ದೆ ಇದು ಚಾಲೂ ಆಗೋದು ಹೆಂಗೆ?"

ನನಗೆ ಗೌಡರ ದೇವರ ಗೂಡು ನೆನಪಾಯಿತು. ಕಮ್ಮಾರನಿಂದ ಒಂದು ಸಲಾಕೆ ಬಗ್ಗಿಸಿ ತಂದೆವು. ತಿರುವಿದ ಕೂಡಲೇ ಅದು ಜಾರಿ, ಮೇಸ್ತ್ರಿ ತಿಪ್ಪೆಯಲ್ಲಿ ಕೂತ. ಮಾರನೆಯ ದಿನವೇ ಅಜ್ಜನನ್ನು ಕರೆದುಕೊಂಡು ಕೆರೆಬಿಳಚಿಗೆ ಓಡಿದೆ.

ಗೌಡರು ಶಾಂತವಾಗಿ ಹೇಳಿದರು: "ದನ ಮಾರಿದ್ರೆ ಹಗ್ಗ ಕೊಡ್ತಾರೇನ್ರೀ? ಹಗ್ಗದ ಜೊತೆ ಮನೆ ಲಕ್ಷ್ಮಿನೂ ಹೋಗ್ತಾಳೆ. ಇದರ ಹಗ್ಗ ಇದೇ. ನಮ್ಮಪ್ಪ ಹಿಡಿದಿದ್ದು."

ನಾನು ಅಜ್ಜನ ಮುಖ ನೋಡಿದೆ. ಅಜ್ಜ ಅವರ ಪಕ್ಷ! "ನ್ಯಾಯ ಐತೆ ಕಣಪ್ಪ. ನೀನು ಎತ್ತು ಮಾರಿದಾಗ ಹಗ್ಗ ಕೊಟ್ಯಾ?" ಎಂದು ನನ್ನನ್ನೇ ಕೇಳಿದ. ಕೊಟ್ಟಿರಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನಿಜಕ್ಕೂ ಅಳು ಬಂತು. ಎತ್ತೂ ಹೋಯಿತು, ಮಾನವೂ ಹೋಯಿತು. ಹೊಲಕ್ಕೆ ಅವಳಣ್ಣ ಎತ್ತು ಹೊಡೆದುಕೊಂಡು ಬರುವುದೊಂದೇ ಬಾಕಿ. ಎಲ್ಲ ಕೇಳಿದ ಹೆಂಡತಿ ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಒಬ್ಬಳೇ ತವರಿಗೆ ಹೊರಟಳು. ಅಣ್ಣನನ್ನು ಕರೆತರಲು ಹೋದಳೆಂದುಕೊಂಡು ನಾನು ಸುಮ್ಮನೆ ಮುಸುಕು ಹಾಕಿಕೊಂಡು ಮಲಗಿದೆ.

ಅವಳು ಹೋದದ್ದು ನೇರ ಗೌಡರ ಮನೆಗೆ. ಟ್ರ್ಯಾಕ್ಟರಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ರೊಟ್ಟಿ ತಟ್ಟಿಕೊಟ್ಟಳು, ಹರಟಿದಳು, ಉಂಡಳು. ಹೊರಡುವಾಗ ಊರ ಮಗಳೆಂದು ಗೌಡರ ಹೆಂಡತಿ ಅಕ್ಕಿ, ಕೊಬ್ಬರಿ, ರವಿಕೆ ಕಣ ತಂದು ಉಡಿ ತುಂಬಿದರು. ಇವಳು ಸೆರಗು ಹಿಡಿದೇ ನಿಂತಳು.

"ಚಿಗವ್ವ, ದೇವರ ಗೂಡಿನಾಗೆ ಒಂದು ಕಬ್ಬಿಣ ಐತಲ್ಲ, ಅದನ್ನೂ ಹಾಕ್ರಿ."

ಗೌಡರು ಎದ್ದು ನಿಂತರಂತೆ. "ಏ ಏ, ಲಕ್ಷ್ಮಿ ಹೋಗ್ತಾಳೆ!"

"ಮಾರಿದ್ರೆ ಹೋಗ್ತಾಳೆ" ಎಂದರು ಗೌಡರ ಹೆಂಡತಿ. "ಊರ ಮಗಳ ಉಡೀಗೆ ಹಾಕಿದ್ರೆ ಬರ್ತಾಳೆ. ನೀವು ಸುಮ್ಕಿರ್ರಿ."

ಅಕ್ಕಿ, ಅರಿಶಿನ ಮೆತ್ತಿಕೊಂಡ ಹ್ಯಾಂಡಲ್ ಗೋವಿನಕೋವಿಗೆ ಬಂತು. ಮೇಸ್ತ್ರಿ ಸಿಗಿಸಿ ತಿರುವಿದ. ಟ್ರ್ಯಾಕ್ಟರ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಬುಸ್ಸೆಂದು ಹೊಗೆ ಬಿಟ್ಟು ಚಾಲೂ ಆಯಿತು. ನಾನು ಎಲ್ಲರೆದುರಿಗೇ ಕಣ್ಣೊರೆಸಿಕೊಂಡೆ. ಆ ವಾರವೇ ಮಳೆ ಬಿತ್ತು, ಹೊಲ ಉತ್ತೆ, ಹೆಂಡತಿಯ ಅಣ್ಣ ಬದುವಿನ ಮೇಲೆ ನಿಂತು ನೋಡಿ ಹೋದ.

೫. ಜಗಳೂರಿನವರು

ಉಡಿಯಲ್ಲಿ ಬಂದದ್ದು ಹೆಣ್ಣುಮಕ್ಕಳ ಸೊತ್ತು. ಹ್ಯಾಂಡಲ್ ನಮ್ಮ ಅಡುಗೆಮನೆಯ ಗೂಟಕ್ಕೆ ನೇತುಬಿತ್ತು. ಬೆಳಿಗ್ಗೆ ಅವಳ ಕೈಯಿಂದ ಇಸಿದುಕೊಂಡು, ಸಂಜೆ ತೊಳೆದು ಒಪ್ಪಿಸಬೇಕು. ನಮ್ಮಿಬ್ಬರಿಗೆ ಜಗಳವಾದ ದಿನ ಟ್ರ್ಯಾಕ್ಟರಿಗೆ ರಜೆ. ನಮ್ಮ ಹೊಲ ಉಳದಿದ್ದರೆ ಊರವರಿಗೆ ಕಾರಣ ಹೇಳುವುದೇ ಬೇಕಿರಲಿಲ್ಲ.

ಎಂಬತ್ತರ ದಶಕದಲ್ಲಿ ದೊಡ್ಡ ಟ್ರ್ಯಾಕ್ಟರ್ ತಗೊಳ್ಳುವ ಯೋಗ ಬಂದಾಗ ಇದನ್ನು ಜಗಳೂರಿನ ಒಬ್ಬ ರೈತರಿಗೆ ಮಾರಿದೆ. ಜಾಣರು. ಸುಳಿ ನೋಡಲಿಲ್ಲ, ಎಂಜಿನ್ ನೋಡಿದರು. ಲಾರಿಗೆ ಹತ್ತಿಸಿ, ಹಗ್ಗ ಬಿಗಿದು, ಕೊನೆಗೆ ಕೇಳಿದರು:

"ಹ್ಯಾಂಡಲ್?"

ನಾನು ಅಡುಗೆಮನೆಯ ಕಡೆ ನೋಡಿದೆ. ಹೆಂಡತಿ ಬಾಗಿಲಿಗೆ ಬಂದಳು.

"ಅದು ನನ್ನ ತವರಿನ ಉಡಿ ಸಾಮಾನು. ಮಾರಂಗಿಲ್ಲ."

ಆ ಮನುಷ್ಯ ಕಂಗಾಲು. ನನ್ನ ಕಡೆ ನೋಡಿದರು, ನಾನು ಮಾಳಿಗೆಯ ತೊಲೆ ಎಣಿಸಿದೆ. "ತಾಯೀ, ಹಂಗಾರೆ ನಾನು ಇದನ್ನ ಚಾಲೂ ಮಾಡಾಕೆ ಏನು ಮಾಡ್ಲಿ?" ಎಂದು ಕೈ ಮುಗಿದರು.

ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದಳು:

"ಮುಂದಿನ ಶುಕ್ರವಾರ ನಿಮ್ಮ ಮನೆಯೋರನ್ನ ಕರ್ಕಂಡು ಬರ್ರಿ. ಉಡಿ ತುಂಬಿ ಕಳಸ್ತೀನಿ."