ಶಾಂತಯ್ಯನವರ ಬಾವಿಗೆ ಐವತ್ತು ಮೀನು

ಒಂದಾನೊಂದು ಶ್ರಾವಣದ ಶುಕ್ರವಾರ, ಕೇಶ್ವಾಪುರದ ಒಂದು ಓಣಿಯಲ್ಲಿ ಒಂದು ಬಾವಿಯಿತ್ತು. ಬಾವಿಗೊಬ್ಬ ಒಡೆಯನಿದ್ದ. ಹಳೆಯ ಕತೆಗಳ ಬಾವಿಗಳಲ್ಲಿ ರಾಜಕುಮಾರಿಯರು ನಿದ್ದೆ ಹೋಗಿರುತ್ತಾರೆ. ಈ ಬಾವಿಯಲ್ಲಿ ಸೊಳ್ಳೆಮರಿಗಳು ಎಚ್ಚರವಾಗಿಯೇ ಇದ್ದವು. ಅವನ್ನು ತಿಂದು ತೇಗುವ ಐವತ್ತು ಗಪ್ಪಿ ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು, ಸೊಳ್ಳೆ ನಿಯಂತ್ರಣದ ಗುತ್ತಿಗೆ ನೌಕರ ದತ್ತು ಬೆಳಿಗ್ಗೆ ಹತ್ತಕ್ಕೆ ಅಲ್ಲಿಗೆ ಬಂದ.

ಕೆಲಸ ಚಿಕ್ಕದು. ಮೀನು ಬಿಡಬೇಕು, ಬಿಡುವಾಗಿನ ಫೋಟೊವನ್ನು ಮೇಲಧಿಕಾರಿ ಮೀರಾಬಿಯವರಿಗೆ ಕಳಿಸಬೇಕು. ಸಂಜೆ ಐದರೊಳಗೆ ಫೋಟೊ ಬಂದರೆ ನಾಗರ ಪಂಚಮಿಗೆ ಮೂರು ದಿನ ರಜೆ, ಬರದಿದ್ದರೆ ಇಲ್ಲ. ದತ್ತುವಿನ ಹೆಂಡತಿ ರಜನಿಗೆ ಅಣ್ಣತಮ್ಮಂದಿರಿಲ್ಲ. ಹಬ್ಬಕ್ಕೆ ತೌರಿಗೆ ಕರೆದೊಯ್ಯಲು ಗಂಡನೇ ಗತಿ. ಎರಡು ವರ್ಷ ಹುಸಿಹೋಗಿತ್ತು. ಈ ಸಲ ಅವಳು ಬ್ಯಾಗು ಕಟ್ಟಿ ಹೊಸ್ತಿಲಿಗೆ ಅಡ್ಡಲಾಗಿಯೇ ಇಟ್ಟಿದ್ದಳು, ದತ್ತು ಅದನ್ನು ದಾಟದೆ ಕೆಲಸಕ್ಕೆ ಹೋಗಲಾಗದಂತೆ.

ಶಾಂತಯ್ಯನವರು ಗೇಟಿನಲ್ಲೇ ಸಿಕ್ಕರು. ಹಣೆ ತುಂಬ ವಿಭೂತಿ, ಕೈಯಲ್ಲಿ ಜಾಗದ ಒಡೆತನ ಹೇಳುವ, ಲ್ಯಾಮಿನೇಶನ್ ಮಾಡಿಸಿದ ಉತಾರ. ಯಾರು ಬಾವಿಯತ್ತ ನೋಡಿದರೂ ರೆಫರಿ ಕೆಂಪು ಕಾರ್ಡು ಎತ್ತಿದಂತೆ ಅದನ್ನು ಎತ್ತುತ್ತಿದ್ದರು.

"ಓದ್ರಿ ತಮ್ಮಾ. ಜಾಗಾ ಯಾರದು?"

"ನಿಮ್ಮದ್ರಿ."

"ಬಾವಿ?"

"ಅದೂ ನಿಮ್ಮದ್ರಿ. ಸೊಳ್ಳಿ ಮಾತ್ರ ಓಣಿ ಮಂದೀವ ಆಗ್ಯಾವ್ರಿ."

ಶಾಂತಯ್ಯನವರು ನಗಲಿಲ್ಲ. ಆ ನೀರಿನಿಂದ ದಿನಾ ಲಿಂಗಪೂಜೆ ನಡೆಯುತ್ತದೆ, ನಾಲ್ಕು ತಲೆಮಾರಿನಿಂದ ಮೀನಿನ ವಾಸನೆ ಕಾಣದ ಮನೆಯಿದು, ಅಂಥಲ್ಲಿ ಜೀವ ತಿನ್ನುವ ಜೀವವನ್ನು ತಂದು ಬಿಡುವುದೆಂದರೆ ಏನು ಎಂದು ಕೇಳಿ ಗೇಟು ಹಾಕಿಕೊಂಡರು. ದತ್ತು ಕಚೇರಿಯಿಂದ ನೋಟಿಸು ಕೊಡಿಸಬಹುದಿತ್ತು. ಆದರೆ ಅದರ ಉತ್ತರಕ್ಕೆ ವಾರ ಕಾಯಬೇಕು. ಹಬ್ಬಕ್ಕೆ ಉಳಿದದ್ದು ಮೂರು ನಾಲ್ಕು ದಿನ. ಮಧ್ಯಾಹ್ನದೊಳಗೆ ದತ್ತು ಇನ್ನೂ ಮೂರು ಸಲ ಗೇಟು ತಟ್ಟಿ, ಮೂರು ಸಲವೂ ಉತಾರ ಓದಿ ಬಂದ. ಅಷ್ಟು ಹೊತ್ತಿಗೆ ಸರ್ವೆ ನಂಬರು ಅವನಿಗೆ ಬಾಯಿಪಾಠವಾಗಿತ್ತು.

ಪಕ್ಕದ ಪಂಕ್ಚರ್ ಅಂಗಡಿಯ ಇಕ್ಬಾಲ ಕರುಣೆಯಿಂದ ಉಪಾಯ ಹೇಳಿದ: ತನ್ನ ಹಿತ್ತಲ ಗೋಡೆಯಿಂದ ಬಾವಿ ಒಂದು ಮಾರು ದೂರ, ಅಲ್ಲಿಂದ ಸುರಿದರೆ ಗೇಟಿನ ಮಾತೇ ಇಲ್ಲ. ದತ್ತು ಗೋಡೆ ಹತ್ತಿದ. ಗೋಡೆಗೆ ನೆಟ್ಟ ಗಾಜಿನ ಚೂರು ಚೀಲವನ್ನು ಸವರಿತು. ನೀರು ಕಾರಂಜಿಯಾಗಿ ಇಕ್ಬಾಲನ ನೆತ್ತಿಗೆ ಚಿಮ್ಮಿತು. ಅವನು ಅನುಭವಸ್ಥ, ತೂತಿಗೆ ಹೆಬ್ಬೆರಳು ಒತ್ತಿ ಓಡಿ, ಟ್ಯೂಬು ಮುಳುಗಿಸಿ ನೋಡುವ ಬೋಗುಣಿಗೆ ಮೀನು ಸುರಿದ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ತನ್ನ ಟ್ಯೂಬನ್ನು ತಾನೇ ಮುಳುಗಿಸಿದ. ಮೀನುಗಳಿಂದ ಎಲ್ಲೆಲ್ಲೂ ಗುಳ್ಳೆ ಏಳುವುದನ್ನು ಕಂಡು, ಟ್ಯೂಬು ಇಷ್ಟು ಕಡೆ ತೂತಾಗಿದ್ದರೆ ಹೊಸದೇ ಕೊಳ್ಳುತ್ತೇನೆಂದು ನಡೆದುಬಿಟ್ಟ. ಇಕ್ಬಾಲನ ಕರುಣೆ ಅಲ್ಲಿಗೆ ಮುಗಿಯಿತು. ಲಗೂ ಬೋಗುಣಿ ಖಾಲಿ ಮಾಡು ಎಂದ.

ಎದುರುಮನೆಯ ಕಾಳವ್ವ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮೊಮ್ಮಗಳು ಸಾನ್ವಿ ಡೆಂಗ್ಯೂ ಜ್ವರದಿಂದ ಎದ್ದು ವಾರವಾಗಿತ್ತಷ್ಟೆ. ಕಾಳವ್ವ ಒಳಗಿಂದ ಸ್ಟೀಲಿನ ಕೊಡ ತಂದು ಮೀನುಗಳನ್ನು ಅದಕ್ಕೆ ಹಾಕಿಸಿದಳು. ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಮಲ್ಲಿಗೆ ಮಾಲೆ ಸುತ್ತಿದಳು. ನಾಲ್ಕು ಹೆಂಗಸರನ್ನು ಕೂಗಿ ಕರೆದು, ಕೊಡವನ್ನು ದತ್ತುವಿಗೆ ಹೊರಿಸಿ, ಗೇಟಿನೆದುರು ನಿಂತಾಗ ಗಂಟೆ ನಾಲ್ಕೂವರೆ.

"ಅಯ್ಯನೋರ, ಬಾಗಲಾ ತಗೀರಿ. ಸೊಸೆಂದ್ರು ಬಂದಾರ."

ಶಾಂತಯ್ಯನವರು ಮಗ ಶಂಭುಲಿಂಗನಿಗೆ ಎಂಟು ವರ್ಷದಿಂದ ಹೆಣ್ಣು ನೋಡುತ್ತಿದ್ದರು. ಸೊಸೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅವರ ಕೈ ತಾನಾಗಿ ಅಗುಳಿ ತೆಗೆಯಿತು. ಕೊಡದೊಳಗೆ ಇಣುಕಿದರು.

"ಕಾಳವ್ವಾ, ಇವು ಮೀನ ಅಲ್ಲನು?"

"ತೌರಮನ್ಯಾಗ ಮೀನ ಇದ್ದಿರಬೇಕ್ರಿ. ನೀವು ಮನಿ ತುಂಬಿಸ್ಕೊಂಡ ಮ್ಯಾಲೆ ನಿಮ್ಮ ಮನಿ ಮಂದಿ. ನಿಮ್ಮ ಆಚಾರನ ಅವರ ಆಚಾರ."

"ಮತ್ತ ಸೊಳ್ಳಿ ಮರಿ ತಿಂದ್ರ?"

"ಸೊಸಿ ಅಡಗಿಮನ್ಯಾಗ ಏನ ಬಾಯಾಗ ಹಾಕ್ಕೊಂಡ್ಳು ಅಂತ ಇಣಿಕಿ ನೋಡೋ ಮಾವ ನೀವಲ್ಲ ಬಿಡ್ರಿ."

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಶಾಂತಯ್ಯನವರು ಬಹಳ ಹೊತ್ತು ಉತಾರವನ್ನು ನೋಡಿದರು. ಅದರಲ್ಲಿ ಸೊಸೆಯರ ವಿಷಯವಾಗಿ ಯಾವ ತಕರಾರೂ ಇರಲಿಲ್ಲ. ಕೊನೆಗೆ ಅದನ್ನು ಕಂಕುಳಲ್ಲಿ ಸೇರಿಸಿ, ಆರತಿ ತರಲು ಹೆಂಡತಿಗೆ ಹೇಳಿದರು.

ಮುಂದಿನದೆಲ್ಲ ದತ್ತುವಿಗೆ ಕನಸಿನಲ್ಲಿ ನಡೆದಂತಿತ್ತು. ಕೊಡಕ್ಕೆ ಆರತಿಯಾಯಿತು. ಬಾವಿಯ ಮುಂದೆ ಅಕ್ಕಿ ತುಂಬಿದ ಸೇರು ಇಟ್ಟರು. ಒದೆಯಲು ಮೀನಿಗೆ ಕಾಲಿಲ್ಲವಾದ್ದರಿಂದ, ಹೆಣ್ಣಿನ ಕಡೆಯವನೆಂದು ದತ್ತುವಿನ ಕೈಯಲ್ಲಿ, ಅಂದರೆ ಕಾಲಿನಲ್ಲಿ, ಆ ಶಾಸ್ತ್ರ ಮಾಡಿಸಿದರು. ಶಂಭುಲಿಂಗ ನಾಚಿ ಒಳಗೆ ಹೋದ. ಶಾಂತಯ್ಯನವರು ಆಗಲೇ ದತ್ತುವನ್ನು ಬೀಗರೆಂದು ಕರೆಯತೊಡಗಿದ್ದರು. ಅವರ ಮುಖದಲ್ಲಿ ಎಂಟು ವರ್ಷಗಳ ಬಿಸಿಲು ಇಳಿದು ತಂಪಾಗಿತ್ತು.

ಐದಕ್ಕೆ ಎರಡು ನಿಮಿಷ. ಇಕ್ಬಾಲ ಮೊಬೈಲು ಹಿಡಿದು ಸಜ್ಜಾದ. ದತ್ತು ಕೊಡ ಬಾಗಿಸುವುದಕ್ಕೂ ಶಾಂತಯ್ಯನವರು ಅವನ ಮುಂಗೈ ಹಿಡಿಯುವುದಕ್ಕೂ ಸರಿಹೋಯಿತು.

"ಬೀಗರ, ಒಂದ ಮಾತು. ಮನಿ ತುಂಬಿದ ಮೊದಲನೇ ಪಂಚಮಿ. ಹೆಣ್ಣಮಕ್ಕಳು ತೌರಮನ್ಯಾಗ ಇರಬೇಕು. ಸೋಮವಾರ ರೊಟ್ಟಿ ಪಂಚಮಿಗೆ ಹಬ್ಬ ಸುರು, ಮುಂಜಾನೆ ಬಂದು ಕರಕೊಂಡ ಹೋಗ್ರಿ. ಮೂರ ದಿನ ಇಟ್ಕೊಂಡು ತಂದ ಬಿಡ್ರಿ."

ದತ್ತು ಬಾಗಿಸಿದ ಕೊಡವನ್ನು ಮತ್ತೆ ನೆಟ್ಟಗೆ ಹಿಡಿದ. "ಎಷ್ಟ ಮಂದೀನ್ರಿ?"

"ಎಲ್ಲಾರ್ನೂ. ಒಬ್ಬಾಕಿ ಹೋಗಿ ಒಬ್ಬಾಕಿ ಉಳದ್ರ ಮನ್ಯಾಗ ಜಗಳ ಆಗತಾವ. ಒಪ್ಪಿಗಿ ಇದ್ರ ಕೊಡ ಬಗ್ಗಸ್ರಿ."

ದತ್ತು ಕೆಳಗೆ ನೋಡಿದ. ಮೂವತ್ತು ಅಡಿ ಕಪ್ಪು ನೀರು. ಒಂದೊಂದು ಮೀನೂ ಬೇವಿನ ಎಲೆಯ ಅರ್ಧದಷ್ಟು. ಅದೇ ಸೋಮವಾರ ಮುಂಜಾನೆಯ ಬಸ್ಸಿಗೆ ರಜನಿ ಆಗಲೇ ಎರಡು ಸೀಟು ಹಿಡಿಸಿದ್ದಳು.

"ಹೂಂ ಅನ್ನಪಾ," ಎಂದಳು ಕಾಳವ್ವ. "ಮುಹೂರ್ತ ಮೀರತೈತಿ."

"ಹೂಂ," ಎಂದ ದತ್ತು.

ಕೊಡ ಬಾಗಿತು. ಐವತ್ತು ಸೊಸೆಯರು ಬೆಳಕಿನ ಹನಿಗಳಂತೆ ಒಬ್ಬರ ಹಿಂದೊಬ್ಬರು ಬಾವಿಗೆ ಇಳಿದರು. ಐದಕ್ಕೆ ಸರಿಯಾಗಿ ಫೋಟೊ ಮೀರಾಬಿಯವರಿಗೆ ಹೋಯಿತು. ಅದರಲ್ಲಿ ನಗದೆ ನಿಂತವನು ಹೆಣ್ಣಿನ ಕಡೆಯವನೊಬ್ಬನೇ.