ನಮ್ಮಂಥದೇ ಇನ್ನೊಂದು ಶಾಲೆ

ಎಲ್ಲಕ್ಕೂ ಮೂಲ ಅಧ್ಯಕ್ಷರು ಕಳಿಸಿದ ಅಂಗೈಯಗಲದ ಒಂದು ಚೀಟಿ. 'ಸಂಜೆ ನಾಲ್ಕಕ್ಕೆ ಆಡಳಿತ ಸಮಿತಿಯ ಸಭೆ. ನಮ್ಮ ಶಾಲೆಯ ಖರ್ಚನ್ನು ನಮ್ಮಂಥದೇ ಬೇರೆ ಶಾಲೆಯ ಖರ್ಚಿನ ಪಕ್ಕ ಇಟ್ಟು ಪಟ್ಟಿ ಮಾಡಿ ತನ್ನಿ. ಎಲ್ಲಿ ಹೆಚ್ಚಿದೆಯೋ ಅಲ್ಲಿ ಕತ್ತರಿ.'

ಶಾಲೆಯ ಗುಮಾಸ್ತ ಅದನ್ನು ಎರಡು ಸಲ ಓದಿದ. ಕತ್ತರಿ ಎಂದರೇನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋದ ವರ್ಷ ಹೀಗೇ ಒಂದು ಪಟ್ಟಿ ತಯಾರಾಗಿ, ಲೈಬ್ರರಿ ಮೇಡಂ ಅರ್ಧ ದಿನದ ಕೆಲಸಕ್ಕೆ, ಅರ್ಧ ಸಂಬಳಕ್ಕೆ ಇಳಿದಿದ್ದರು. ಈಗ ಎಷ್ಟೋ ಶಾಲೆಗಳಲ್ಲಿ ಗುಮಾಸ್ತರೂ ಅರ್ಧ ದಿನದವರೇ. ಈ ಸಲ ತನ್ನ ಸರದಿ ಎಂದು ಅವನಿಗೆ ಖಾತ್ರಿಯಾಯಿತು. ಇಡೀ ಸಂಬಳ ಬಂದರೂ ತಿಂಗಳ ಕೊನೆಯ ವಾರ ಏದುಸಿರು ಬಿಡುವ ಸಂಸಾರ ಅವನದು.

ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲ ಶಾಲೆಗಳ ಖರ್ಚೂ ಇತ್ತು. ಯಾರ ಮಾನವೂ ಹೋಗದಿರಲೆಂದು ಇಲಾಖೆ ಶಾಲೆಯ ಹೆಸರಿನ ಬದಲು ಒಂದು ಗುಟ್ಟಿನ ನಂಬರು ಹಾಕಿತ್ತು. ನಿಮ್ಮ ಶಾಲೆ ಎಂಥದು ಎಂದು ಒಂದೊಂದೇ ಗುರುತು ಹಾಕುತ್ತ ಹೋದರೆ, ಹೊಂದುವ ಶಾಲೆಗಳನ್ನು ಕಂಪ್ಯೂಟರೇ ಆರಿಸಿ ಕೊಡುತ್ತಿತ್ತು. ನಾನೂರು ಮಕ್ಕಳು ಎಂದು ಗುರುತು ಹಾಕಿದ. ನಲವತ್ತೆರಡು ಶಾಲೆಗಳು ಬಂದವು.

ಅಷ್ಟರಲ್ಲಿ ಸುದ್ದಿ ಹೇಗೋ ಹೊರಗೆ ಹೋಗಿತ್ತು. ಮೊದಲು ಬಂದವರು ಆಟದ ಮೇಷ್ಟ್ರು.

"ನೋಡಪ್ಪಾ, ಮೈದಾನ ಎಲ್ಲೋ ದೂರ ಇರೋ ಶಾಲೆ ಜೊತೆ ನಮ್ಮನ್ನ ಹೋಲಿಸ್ಬೇಡ. ನಮ್ದು ಕಟ್ಟಡಕ್ಕೇ ಅಂಟ್ಕೊಂಡಿದೆ. ಹುಡುಗರು ಹೊಡೆದ ಚೆಂಡು ಕಿಟಕಿಗಲ್ದೆ ಇನ್ನೆಲ್ಲಿಗೆ ಹೋಗುತ್ತೆ? ಗಾಜಿನ ಖರ್ಚೆಲ್ಲ ತಂದು ನನ್ನ ತಲೆಗೆ ಕಟ್ತಾರೆ."

ನ್ಯಾಯವಾದ ಮಾತೇ. ಗುಮಾಸ್ತ ಮೈದಾನಕ್ಕೊಂದು ಗುರುತು ಹಾಕಿದ. ಹನ್ನೊಂದು ಶಾಲೆಗಳು ಉಳಿದವು.

ಮೇಷ್ಟ್ರು ಅಲ್ಲೇ ಕುರ್ಚಿ ಎಳೆದು ಕೂತರು. ಅವರ ಹಿಂದೆಯೇ ಸಂಗೀತದ ಟೀಚರ್ ಬಂದರು. "ಪಿಯಾನೋ ಇರೋ ಶಾಲೆನೇ ಹುಡುಕಿ. ಅದಿಲ್ಲದವ್ರಿಗೆ ಅದರ ರಿಪೇರಿ ಸಂಕಟ ಏನು ಗೊತ್ತು? ನಿಮ್ಮನ್ನ ನನ್ನ ತಮ್ಮ ಅಂದ್ಕೊಂಡು ಕೇಳ್ತಿದೀನಿ."

ತಮ್ಮನಾದ ಮೇಲೆ ಮುಗಿಯಿತಲ್ಲ. ಗುರುತು ಬಿತ್ತು, ಆರು ಉಳಿದವು. ಕೊನೆಗೆ ಹೆಡ್ ಮೇಡಂ ಸ್ವತಃ ಬಂದು ಬಾಗಿಲಲ್ಲಿ ನಿಂತರು.

"ಸೋರೋ ಹಳೇ ಕಟ್ಟಡನೇ ಆಗ್ಬೇಕು, ನೆನಪಿರಲಿ. ಹೊಸ ಕಟ್ಟಡದವ್ರ ಪಕ್ಕ ನಿಲ್ಲಿಸಿದ್ರೆ ನಾನು ದುಡ್ಡು ಪೋಲು ಮಾಡೋಳ ಹಾಗೆ ಕಾಣ್ತೀನಿ."

ಮೂರು ಶಾಲೆಗಳು ಉಳಿದವು. ಎಲ್ಲರ ಕೆಲಸವೂ ಆಯಿತು, ಇನ್ನು ತನ್ನದು. ಗುಮಾಸ್ತ ಮೂವರ ಮುಖವನ್ನೂ ಕಳ್ಳನಂತೆ ನೋಡಿ, 'ಪೂರ್ತಿ ದಿನದ ಗುಮಾಸ್ತ' ಎಂಬಲ್ಲಿ ತಾನೂ ಒಂದು ಗುರುತು ಹಾಕಿಬಿಟ್ಟ. ಒಂದೇ ಒಂದು ಶಾಲೆ ಉಳಿಯಿತು. ಲೋಕದಲ್ಲಿ ತನ್ನಂಥವನು ಇನ್ನೊಬ್ಬ ಇದ್ದಾನಲ್ಲ ಎಂದು ಅವನಿಗೆ ಎಷ್ಟೋ ಸಮಾಧಾನವಾಯಿತು.

ಗಂಟೆ ಆಗಲೇ ಮೂರೂಮುಕ್ಕಾಲು. ಪ್ರಿಂಟರು ಹಾಳೆ ಉಗುಳಿತು. ಬಲಗಡೆ ಆ ಶಾಲೆಯ ಅಂಕಿಗಳು ಅಚ್ಚಾಗಿ ಬಂದಿದ್ದವು. ಎಡಗಡೆ ಖಾಲಿ. ತಮ್ಮ ಶಾಲೆಯದನ್ನು ಲೆಕ್ಕದ ಪುಸ್ತಕ ನೋಡಿ ಕೈಯಲ್ಲಿ ತುಂಬಬೇಕಿತ್ತು. ಮೂವರೂ ಹೆಗಲ ಮೇಲೆ ಬಗ್ಗಿ ನಿಂತು, "ಅದು ಹಾಗಲ್ಲ, ಇದು ಹೀಗೆ" ಎಂದು ಮೂಗು ತೂರಿಸಿ ತಲೆ ತಿಂದರು. ಗುಮಾಸ್ತ ಬರೆದ, ಹೊಡೆದುಹಾಕಿದ, ಅದರ ಮೇಲೇ ಮತ್ತೆ ಬರೆದ. ತಮ್ಮ ಕೆಲಸ ಆಯಿತೆಂದು ಅವರು ಹೊರಗೆ ಹೋದ ಮೇಲೆ ಕೊನೆಯ ಸಾಲು ಬರೆದ. ಒಡೆದ ಕಿಟಕಿ ಗಾಜು, ಮೂವತ್ತೇಳು.

ಬಲಗಡೆಯೂ ಮೂವತ್ತೇಳು.

ಅವನ ಕಣ್ಣು ಮೇಲಕ್ಕೆ ಹತ್ತಿತು. ಪಿಯಾನೋ ರಿಪೇರಿ ಇಲ್ಲಿ ನಾಲ್ಕು ಸಲ, ಅಲ್ಲೂ ನಾಲ್ಕು ಸಲ. ಛಾವಣಿ, ಸೀಮೆಸುಣ್ಣ, ಸಂಬಳ, ಎಲ್ಲವೂ ಅದೇ ಅದೇ. ಇಲಾಖೆಯ ಲೆಕ್ಕದಲ್ಲಿ ತಮ್ಮ ಶಾಲೆಯೂ ಇತ್ತು. ಎಲ್ಲ ಸೇರಿ ಹುಡುಕಿ ಹುಡುಕಿ ತಮ್ಮನ್ನೇ ಹಿಡಿದು ತಂದಿದ್ದರು.

ಜವಾನ ಬಾಗಿಲಲ್ಲಿ ಇಣುಕಿದ. "ಅಧ್ಯಕ್ಷರು ಕೂತಾಯ್ತು. ಪಟ್ಟಿ ತರಬೇಕಂತೆ."

ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳಾಡಿಸಿದರು. ಮರದ ಮಿಲ್ಲಿನ ಮಾಲೀಕರು, ಎಳೆ ಬಿಡದೆ ನೋಡುವ ಮನುಷ್ಯ.

"ನೋಡಿ ಇಲ್ಲಿ, ಅಲ್ಲೂ ಮೂವತ್ತೇಳು ಗಾಜು," ಎಂದರು ಅಧ್ಯಕ್ಷರು. "ಮಕ್ಕಳು ಎಲ್ಲಿದ್ರೂ ಮಕ್ಕಳೇ."

"ಪಿಯಾನೋನೂ ನಾಲ್ಕೇ ಸಲ ಕೆಟ್ಟಿದೆ," ಎಂದರು ಪಕ್ಕದಲ್ಲಿದ್ದ ಸಮಿತಿಯ ಸದಸ್ಯೆ, ಹಲ್ಲಿನ ಡಾಕ್ಟರಮ್ಮ. "ಆ ಜಾತಿ ಸಾಮಾನೇ ಹಾಗೆ ಅಂತ ಕಾಣುತ್ತೆ."

"ಒಂದು ಬಿಡಿಗಾಸು ಹೆಚ್ಚಿಲ್ಲ, ಕಡಿಮೆ ಇಲ್ಲ," ಎಂದರು ಅಧ್ಯಕ್ಷರು. "ನಾನು ಅಧ್ಯಕ್ಷನಾದ ಮೇಲೆ ಇಷ್ಟು ಶಿಸ್ತು ನೋಡಿಲ್ಲ. ಎಲ್ಲೂ ಕತ್ತರಿ ಬೇಡ."

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಹಾಳೆ ಮಡಚಿಕೊಂಡು ಓಡಿಬಿಡಬೇಕು ಎನ್ನುವಷ್ಟರಲ್ಲಿ ಡಾಕ್ಟರಮ್ಮ ಅದನ್ನು ತಮ್ಮ ಕಡೆ ಎಳೆದುಕೊಂಡರು.

"ಒಂದ್ನಿಮಿಷ. ನಮ್ಮ ಕಡೆ ನೋಡಿ, ಬರೀ ಚಿತ್ತು ಕಾಟು. ಆ ಶಾಲೆಯವ್ರದು ಮುತ್ತು ಪೋಣಿಸಿದ ಹಾಗಿದೆ. ಅಲ್ಲಿನ ಗುಮಾಸ್ತರು ಎಂಥ ಅಚ್ಚುಕಟ್ಟು ಅಲ್ವಾ?"

ಅಧ್ಯಕ್ಷರು ಗುಮಾಸ್ತನನ್ನು ಮೇಲಿಂದ ಕೆಳಗೆ ನೋಡಿದರು. "ಸಂಬಳ ಇಬ್ಬರಿಗೂ ಒಂದೇ. ಕೆಲಸ ನೋಡಿದ್ರೆ ಹೀಗೆ. ನೀವೊಂದು ಕೆಲಸ ಮಾಡಿ. ಶನಿವಾರ ಹೇಗೂ ನಿಮಗೆ ರಜಾ, ಈ ವರ್ಷ ಪೂರ್ತಿ ಶನಿವಾರ ಶನಿವಾರ ಆ ಶಾಲೆಗೆ ಹೋಗಿ ಅವರ ಪಕ್ಕ ಕೂತು ಕಲೀರಿ. ನಮ್ಮ ಹಳೇ ಪುಸ್ತಕಗಳನ್ನೂ ತಗೊಂಡು ಹೋಗಿ, ಅವರ ಥರಾನೇ ನೀಟಾಗಿ ಬರೆದು ಸೋಮವಾರ ನನಗೆ ತೋರಿಸಿ. ಆ ನಂಬರು ಯಾವ ಶಾಲೇದು ಅಂತ ನಿಮಗೆ ಗೊತ್ತೇ ಇರುತ್ತಲ್ಲ, ದೂರ ಆಗುತ್ತಾ?"

ಗುಮಾಸ್ತ ಹಾಳೆಗೆ ಕೈ ಚಾಚಿದ. "ಇಲ್ಲ ಸಾರ್. ನಾನು ದಿನಾ ಬರೋ ದಾರಿಯಲ್ಲೇ ಇದೆ."

"ಹಾಗಾದ್ರೆ ಬಸ್ ಚಾರ್ಜೂ ಉಳೀತು," ಎಂದು ಅಧ್ಯಕ್ಷರು ಸಂತೋಷದಿಂದ ಸಭೆ ಮುಗಿಸಿದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಕೆಲಸ ಉಳಿಯಿತು, ಸಂಬಳವೂ ಪೂರ್ತಿ ಉಳಿಯಿತು ಎಂದು ಕೇಳಿ, "ಸದ್ಯ, ಬದುಕಿದ್ವಿ," ಎಂದು ಅವನ ಪಕ್ಕ ಧೊಪ್ಪನೆ ಕೂತಳು. ಅವನಿಗೂ ಹಗುರಾಗಿ ನಗು ಬಂತು. ಆಮೇಲೆ ಶನಿವಾರದ ವಿಷಯ ಹೇಳಿದ.

"ಆ ಶಾಲೆ ಗುಮಾಸ್ತರಿಗೆ ಶನಿವಾರ ರಜಾ ಇರಲ್ವೇನ್ರೀ?"

"ಇತ್ತು ಕಣೇ," ಎಂದ ಗುಮಾಸ್ತ, ಶೂ ಬಿಚ್ಚುತ್ತ. "ಇವತ್ತಿನವರೆಗೂ ಇತ್ತು, ಪಾಪ."